ಪೊರಕೆಕಡ್ಡಿಯ ಗಂಟು

ಆಯಿ ಯಾವ ಗಂಟನ್ನೂ ಬಿಗಿಯಾಗಿ ಹಾಕುತ್ತಿರಲಿಲ್ಲ. ಬಟ್ಟೆ ಒಣಹಾಕುವ ಹಗ್ಗವಿರಲಿ, ಸೌದೆಯ ಹೊರೆ ಇರಲಿ, ನೀರಿನ ಡ್ರಮ್ಮಿಗೆ ಕಟ್ಟಿದ ಪೈಪಿರಲಿ, ಹಗ್ಗವನ್ನು ಮಡಚಿ ಕುಣಿಕೆ ಮಾಡಿ, ಅದರೊಳಗೆ ಬೆರಳುದ್ದದ ಒಂದು ಪೊರಕೆಕಡ್ಡಿ ತೂರಿಸಿ ಬಿಟ್ಟುಬಿಡುತ್ತಿದ್ದಳು. ಮೆಲ್ಲಗೆ ಎಳೆದರೆ ನಿಲ್ಲುತ್ತಿತ್ತು. ಜೋರಾಗಿ ಎಳೆದರೆ ಕಡ್ಡಿ ಪಟಕ್ಕನೆ ಮುರಿದು ಹಗ್ಗ ಪೂರ್ತಿ ಬಿಚ್ಚಿಕೊಳ್ಳುತ್ತಿತ್ತು. ಗಾಳಿ ಜೋರಾದ ದಿನ ಆಯಿಯ ಸೀರೆಗಳೆಲ್ಲ ನಮ್ಮ ಓಣಿಯ ನೆಲದ ಮೇಲಿರುತ್ತಿದ್ದವು. ನಮ್ಮಮ್ಮ ನಗುತ್ತ, "ಏನ್ ಆಯಿ, ಒಂದ್ ಗಂಟು ನೆಟ್ಟಗೆ ಹಾಕಕ್ಕೆ ಬರಲ್ವಾ ನಿಮಗೆ?" ಎಂದು ಕೇಳಿದರೆ, "ಹಾಕ್ಲಾಕ ಬರ್ತದವ್ವಾ, ಹಾಕಂಗಿಲ್ಲ" ಎನ್ನುತ್ತಿದ್ದಳು.

ನಾನು ಎಸಿ ರಿಪೇರಿ ಮಾಡುವವನು. ಒಂದು ದಿನ ನನ್ನ ಬೈಕಿನ ಹಿಂದೆ ಕಟ್ಟಿಟ್ಟಿದ್ದ ಎಸಿ ಯಂತ್ರದ ಹಗ್ಗವನ್ನೂ ಬಿಚ್ಚಿ, ನನಗೆ ಹೇಳದೆ, ತನ್ನ ಗಂಟು ಹಾಕಿಟ್ಟಿದ್ದಳು. ಕಗ್ಗದಾಸಪುರ ಮೇನ್ ರೋಡಿನ ಮೊದಲನೇ ಹಂಪಿನಲ್ಲಿ ಯಂತ್ರ ಹಿಂದೆಯೇ ಉಳಿಯಿತು, ನಾನು ಮುಂದೆ ಹೋದೆ. ಸಂಜೆ ಬಂದು ಕೂಗಾಡಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು: "ಯಂತ್ರಕ್ಕ ಜೀವ ಅದೇನು?"

ಹದಿನೈದು ದಿನದ ಹಿಂದೆ ಅವಳ ಮಗ ಭೀಮಾಶಂಕರ ಊರಿಂದ ಫೋನ್ ಮಾಡಿ, ಆಯಿ ಹೋದಳು ಎಂದ. ಅವಳ ಬಗ್ಗೆ ಬರೆಯಬೇಕು ಎಂದು ಅವತ್ತೇ ಅನ್ನಿಸಿತ್ತು. ಆದರೆ ಬರೆಯಲು ಕೂತಿದ್ದು ಮೊನ್ನೆ ಭಾನುವಾರ ನಡೆದದ್ದನ್ನು ನೋಡಿದ ಮೇಲೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ, ಮಾತಾಡಿದ ಹಾಗೆ ಟೈಪ್ ಮಾಡುತ್ತಿದ್ದೇನೆ.

ಅವಳದು ಕಲಬುರಗಿ ಕಡೆಯ ಹಳ್ಳಿ. ಹೆಸರು ಏನೆಂದು ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಆ ಕಡೆ ಅಜ್ಜಿಗೆ ಆಯಿ ಎನ್ನುತ್ತಾರಂತೆ, ನಾವೂ ಹಾಗೇ ಎಂದೆವು. ನಾನು ಮೊದಲು ನೀವು, ಬನ್ನಿ ಎಂದೆಲ್ಲ ಮಾತಾಡುತ್ತಿದ್ದೆ. "ಆಯಿಗಿ ಯಾರಾದ್ರೂ ನೀವು ಅಂತಾರೇನೋ ತಮ್ಮಾ, ನಾ ಏನು ತಹಶೀಲ್ದಾರ ಇದ್ದೀನಿ?" ಎಂದು ಬೈದಳು. ಅಲ್ಲಿಂದ ನೀನು.

ನಮ್ಮ ಓಣಿಯ ಕೊನೆಗೆ, ಮನೆಗಳು ಮುಗಿದು ಬಯಲು ಶುರುವಾಗುವ ಕಡೆ, ಒಂಬತ್ತು ತಗಡಿನ ಶೆಡ್ಡುಗಳಿವೆ. ಎಲ್ಲವೂ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಸಂಸಾರಗಳು. ಒಂದರಲ್ಲಿ ಆಯಿ, ಮಗ ಭೀಮಾಶಂಕರ, ಸೊಸೆ ನಾಗಮ್ಮ. ಮೂವರೂ ಬೆಳಿಗ್ಗೆ ಮಹದೇವಪುರದ ಕಡೆ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಶೆಡ್ಡುಗಳ ನಂತರ ನಾವಿರುವ ಬಾಡಿಗೆ ಮನೆಗಳು. ನಮ್ಮದು ಕೊನೆಯಿಂದ ಮೂರನೆಯದು, ಮೊದಲ ಮಹಡಿ.

ಬಯಲು ಎಂದರೆ ನಾಲ್ಕು ಎಕರೆ ಹುಲ್ಲು. ಮಳೆ ಮುಗಿಯುವ ಹೊತ್ತಿಗೆ ಆಳೆತ್ತರ ಬೆಳೆದು, ಶಿವರಾತ್ರಿಯ ಹೊತ್ತಿಗೆ ಒಣಗಿ ಕಾಗದದ ಹಾಗೆ ಸದ್ದು ಮಾಡುತ್ತದೆ. ಜಾಗದ ಮಾಲೀಕರನ್ನು ನಾವು ನೋಡಿಲ್ಲ. ನೋಡಿಕೊಳ್ಳುವವನು ಒಬ್ಬ ಏಜೆಂಟ್. ಆ ಧೂಳಿನಲ್ಲೂ ಬೆಳ್ಳಗಿನ ಬೂಟು ಹಾಕಿಕೊಂಡು ಬರುತ್ತಿದ್ದ, ಅದಕ್ಕೇ ಅವನಿಗೆ ಬಿಳಿ ಬೂಟು ಎಂದು ಹೆಸರು. ಆಳು ಹಚ್ಚಿ ಹುಲ್ಲು ಕೊಯ್ಯಿಸಿದರೆ ನಾಲ್ಕು ದಿನ, ಕಡ್ಡಿ ಗೀರಿದರೆ ಒಂದು ಗಂಟೆ. ಅವನು ಪ್ರತಿ ಬೇಸಿಗೆಯಲ್ಲೂ ರಸ್ತೆ ಕಡೆಯಿಂದ ಬಂದು ಕಡ್ಡಿ ಗೀರಿ ಹೋಗುತ್ತಿದ್ದ. ಯಾರಿಗೂ ಒಂದು ಮಾತು ಹೇಳುತ್ತಿರಲಿಲ್ಲ.

ಎರಡು ಬೇಸಿಗೆಯ ಹಿಂದೆ ಆ ಬೆಂಕಿ ಶೆಡ್ಡಿಗೆ ಬಂತು. ಬೆಳಿಗ್ಗೆ ಹತ್ತು ಗಂಟೆ. ದುಡಿಯುವವರೆಲ್ಲ ದುಡಿಯಲು ಹೋಗಿದ್ದರು. ನಾನು ಟೆರೇಸಿನಲ್ಲಿದ್ದೆ. ಹೊಗೆ ನೋಡಿ ಯಾರೋ ಕಸ ಸುಡುತ್ತಿದ್ದಾರೆ ಎಂದುಕೊಂಡು ನನ್ನ ಕೆಲಸ ಮುಂದುವರಿಸಿದೆ. ಆ ಐದು ನಿಮಿಷಕ್ಕೆ ನಾನು ಈಗಲೂ ನನ್ನನ್ನು ಬೈದುಕೊಳ್ಳುತ್ತೇನೆ. ಅಮ್ಮ, ನಾನು, ಶೆಡ್ಡಿನ ಇಬ್ಬರು ಬಾಣಂತಿಯರು, ಅಷ್ಟೇ ಜನ ಬಕೆಟ್ ಹಿಡಿದು ಓಡಾಡಿದೆವು. ನೀರಿನ ಟ್ಯಾಂಕರ್ ಓಡಿಸುವ ಇಮ್ರಾನ್ ಭಾಯ್ ನಮ್ಮ ಎದುರು ಮನೆಯವರು. ಅವರಿಗೆ ಫೋನ್ ಮಾಡಿ, ಅವರು ಎಲ್ಲಿಂದಲೋ ಟ್ಯಾಂಕರ್ ತಿರುಗಿಸಿಕೊಂಡು ಬರುವಷ್ಟರಲ್ಲಿ ಮೂರು ಶೆಡ್ಡು ಹೋಗಿದ್ದವು. ಮನುಷ್ಯರಿಗೆ ಏನೂ ಆಗಲಿಲ್ಲ.

ಆಯಿಯ ಶೆಡ್ಡು ಆ ಮೂರರಲ್ಲಿ ಒಂದು. ಹಿಂದುಗಡೆ ಒಂದು ಆಡು ಕಟ್ಟಿದ್ದಳು. ಗಬ್ಬವಾಗಿತ್ತು. ಹಿಂದಿನ ದಿನ ಹಗ್ಗ ಬಿಚ್ಚಿಕೊಂಡು ಯಾರದೋ ಹೂಕುಂಡ ಮೇಯ್ದಿತ್ತು, ಆ ಮನೆಯವರು ಜಗಳ ತೆಗೆದಿದ್ದರು. ಅದಕ್ಕೇ ಅವತ್ತು ಕೆಲಸಕ್ಕೆ ಹೋಗುವ ಮೊದಲು ನೈಲಾನ್ ಹಗ್ಗದಲ್ಲಿ ಮೂರು ಸುತ್ತು ಸುತ್ತಿ, ಕಾಲಿನಿಂದ ಗೂಟ ಒತ್ತಿ ಹಿಡಿದು, ಬಿಗಿಯಾದ ಗಂಟು ಹಾಕಿ ಹೋಗಿದ್ದಳು.

ಮಧ್ಯಾಹ್ನ ಸುದ್ದಿ ತಿಳಿದು ಬಂದವಳು ಅಳಲಿಲ್ಲ. ಗೂಟದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಬೂದಿಯೊಳಗೆ ಬೆರಳಾಡಿಸಿ ಏನನ್ನೋ ಹುಡುಕಿದಳು. ಹಗ್ಗವೆಲ್ಲ ಕರಗಿಹೋಗಿತ್ತು. ಗಂಟು ಮಾತ್ರ ಕರಗಿ, ಗಟ್ಟಿಯಾಗಿ, ಹುಣಸೆಬೀಜದ ಹಾಗೆ ಕಪ್ಪಗೆ ಉಳಿದಿತ್ತು.

"ನೋಡು ತಮ್ಮಾ," ಎಂದಳು. "ಎಲ್ಲಾ ಸುಟ್ಟದ. ಗಂಟು ಬಿಚ್ಚಿಲ್ಲ. ನಾನಾ ಹಾಕಿದ್ದು."

ಅದನ್ನು ಸೆರಗಿನ ತುದಿಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಲ್ಲಿಂದ ಮುಂದೆ ಅದು ಯಾವತ್ತೂ ಅವಳ ಸೊಂಟದಲ್ಲೇ ಇರುತ್ತಿತ್ತು. ಬಿಗಿಯಾದ ಗಂಟು ಹಾಕುವುದನ್ನು ಬಿಟ್ಟದ್ದೂ ಅವತ್ತಿನಿಂದಲೇ.

ಮಾರನೇ ದಿನ ಬಿಳಿ ಬೂಟು ಬಂದ. ಸುಟ್ಟ ತಗಡುಗಳನ್ನು ಬೂಟಿನ ತುದಿಯಿಂದ ಅಲ್ಲಾಡಿಸಿ ನೋಡಿದ. ಭೀಮಾಶಂಕರ ಕೈಮುಗಿದು, "ಒಂದು ಮಾತ ಹೇಳಿದ್ರ ಸಾಮಾನಾದ್ರೂ ತಗೀತಿದ್ವಿ ಸಾಹೇಬ್ರ" ಎಂದ.

"ನಿಮಗ್ಯಾಕೆ ಹೇಳ್ಬೇಕಯ್ಯ? ಜಾಗ ನಮ್ದು, ಹುಲ್ಲು ನಮ್ದು. ನಮ್ ಹುಲ್ಲು ನಾವು ಸುಟ್ಕೊಳ್ಳಕ್ಕೆ ನಿಮ್ ಪರ್ಮಿಷನ್ ಬೇಕಾ?"

"ಆಡು ನಮ್ದಿತ್ರಿ," ಎಂದಳು ಆಯಿ.

"ಆಡಿಗೆಲ್ಲ ನಾನೇನ್ ಮಾಡ್ಲಿ ಅಜ್ಜಿ? ಕಟ್ಟಿದ್ದು ಯಾರು, ನಾನಾ?"

ಈ ಮಾತು ಬಿದ್ದಾಗ ನಾನು ಆಯಿಯ ಮುಖ ನೋಡುತ್ತಿದ್ದೆ. ಕಪಾಳಕ್ಕೆ ಹೊಡೆದರೂ ಹಾಗೆ ಆಗುತ್ತಿರಲಿಲ್ಲ. ಅವನು ಹೋದ ಮೇಲೆ ನಾನು ಕುದಿಯುತ್ತಿದ್ದೆ. ಅವನ ಕಾರಿನ ಗಾಜು ಒಡೆಯೋಣ, ಟೈರಿನ ಗಾಳಿ ತೆಗೆಯೋಣ ಎಂದೆಲ್ಲ ಹೇಳಿದೆ. ಆಯಿ ಕೇಳಿಸಿಕೊಂಡು ತಲೆಯಾಡಿಸಿದಳು.

"ಸಿಟ್ಟು ಒಣಗಸಬೇಕು ತಮ್ಮಾ. ಹಸಿ ಇದ್ದಾಗ ಹಚ್ಚಿದ್ರ ಬರೇ ಹೊಗಿ."

ಒಂದು ವರ್ಷ ಒಣಗಿಸಿದಳು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಬಯಲಿನ ಗೇಟಿನ ಮುಂದೆ ನಿಂತು ಎಲೆಅಡಿಕೆ ಉಗಿಯುವುದು, ಮುಂದೆ ಹೋಗುವುದು. ಒಂದು ದಿನವೂ ತಪ್ಪಿಸಲಿಲ್ಲ. ಅವಳಿಗೆ ಜ್ವರ ಬಂದ ದಿನ ಸೊಸೆ ನಾಗಮ್ಮನನ್ನು ಕಳಿಸಿ ಉಗಿಸಿದ್ದಳು. ನಾಗಮ್ಮ ಎಲೆಅಡಿಕೆ ಹಾಕುವವಳಲ್ಲ, ಬಾಯಿಗೆ ನೀರು ಹಾಕಿಕೊಂಡು ಹೋಗಿ ಉಗಿದು ಬಂದಳು.

ಇಲ್ಲಿ ನನ್ನ ಹುಚ್ಚಿನ ಬಗ್ಗೆ ಸ್ವಲ್ಪ ಹೇಳಬೇಕು. ನನಗೆ ಗಾಳಿಯ ಹುಚ್ಚು. ಡಿಪ್ಲೊಮಾ ಅರ್ಧಕ್ಕೆ ಬಿಟ್ಟವನು ನಾನು. ಹವಾಮಾನ, ಮೋಡ, ಗಾಳಿ ಎಲ್ಲವನ್ನೂ ಮೊಬೈಲ್ ನೋಡಿಯೇ ಕಲಿತದ್ದು. ಟೆರೇಸಿನಲ್ಲಿ ಒಂದು ಬಿದಿರಿನ ಗಳ ನೆಟ್ಟು, ಅದಕ್ಕೆ ಅಮ್ಮನ ಹಳೇ ಸೀರೆಯ ಅಂಚು ಕಟ್ಟಿ, ಪಕ್ಕದಲ್ಲಿ ಪ್ಲಾಸ್ಟಿಕ್ ಬಾಟಲಿ ಅರ್ಧ ಕತ್ತರಿಸಿ ತಿರುಗುವ ಬಟ್ಟಲು ಮಾಡಿದ್ದೇನೆ. ದಿನಕ್ಕೆ ಮೂರು ಸಲ ಗಾಳಿ ಎತ್ತ ಕಡೆಯಿಂದ, ಎಷ್ಟು ಜೋರು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಓಣಿಯಲ್ಲಿ ಎಲ್ಲರೂ ನಗುತ್ತಿದ್ದರು. ಇಮ್ರಾನ್ ಭಾಯ್ ಅಂತೂ, "ಏನ್ ಮಗಾ, ಇವತ್ತು ಗಾಳಿ ಮನೇಲಿದ್ಯಾ, ಡ್ಯೂಟಿಗೆ ಹೋಗಿದ್ಯಾ?" ಎಂದು ದಿನಾ ಕೇಳುತ್ತಿದ್ದರು.

ನಗದೆ ಕೇಳಿದವಳು ಆಯಿ ಒಬ್ಬಳೇ. ಹೋದ ಬೇಸಿಗೆ ಶುರುವಾಗುತ್ತಿದ್ದ ಹಾಗೆ ಕೆಲಸದಿಂದ ಬಂದವಳೇ ನಮ್ಮ ಮೆಟ್ಟಿಲ ಕೆಳಗೆ ನಿಂತು ಕೂಗುತ್ತಿದ್ದಳು.

"ತಮ್ಮಾ, ನಿನ್ನ ಬಾಟ್ಲಿ ಏನಂತದ?"

"ಬೆಳಿಗ್ಗೆ ಈಶಾನ್ಯದಿಂದ. ಮಧ್ಯಾಹ್ನ ತಿರುಗ್ತು, ದಕ್ಷಿಣದಿಂದ."

"ಎಷ್ಟು ಹೊತ್ತಿಗಿ ತಿರುಗ್ತು?"

"ಹನ್ನೆರಡೂವರೆ, ಒಂದು ಗಂಟೆ."

"ನಿನ್ನೆ?"

"ನಿನ್ನೇನೂ ಅಷ್ಟೇ."

"ಹೂಂ. ನಾಳಿ ನೋಡಿ ಹೇಳು."

ಒಂದು ತಿಂಗಳು ಹೀಗೆ ನಡೆಯಿತು. ನನಗೋ ಹಿಡಿಸಲಾರದ ಖುಷಿ. ನನ್ನ ನೋಟ್‌ಬುಕ್ಕಿಗೆ ಕೊನೆಗೂ ಒಬ್ಬರು ಓದುಗರು ಸಿಕ್ಕರು ಎಂದುಕೊಂಡೆ.

ಅದೇ ದಿನಗಳಲ್ಲಿ ಅವಳು ತನ್ನೂರಿನ ಒಂದು ಪದ್ಧತಿ ಹೇಳಿದ್ದಳು. ಅಲ್ಲಿ ಕಬ್ಬು ಕಡಿದ ಮೇಲೆ ಹೊಲದಲ್ಲಿ ಒಣ ಸೋಗೆ ಉಳಿಯುತ್ತದೆ, ಅವರು ರವದಿ ಎನ್ನುತ್ತಾರೆ. ಅದನ್ನು ಸುಡುವ ಮೊದಲು ಹೊಲದವನು ನಾಲ್ಕೂ ದಿಕ್ಕಿನ ಬದುವಿನ ಮೇಲೆ ನಿಂತು, ಪಕ್ಕದ ಹೊಲದವರನ್ನು ಹೆಸರು ಹಿಡಿದು ಕರೆದು, ಬೆಂಕಿ ಹಚ್ಚುತ್ತೇವೆ ಎಂದು ಕೂಗಬೇಕು. ಅವರು ತಿರುಗಿ ಓ ಎನ್ನಬೇಕು. ನಾಲ್ಕು ಕಡೆಯಿಂದ ನಾಲ್ಕು ಓ ಬಂದ ಮೇಲೆಯೇ ಕಡ್ಡಿ.

"ಓ ಅನ್ನದಿದ್ರೆ?" ಎಂದು ಕೇಳಿದೆ.

"ಹಚ್ಚಂಗಿಲ್ಲ. ನಮ್ಮಪ್ಪಗ ಒಬ್ಬಾಂವ ಆಗ್ತಿದ್ದಿಲ್ಲ, ಪಕ್ಕದ ಹೊಲದಾಂವ. ನಮ್ಮಪ್ಪ ಮುಂಜಾನಿ ಸಂಜಿ ನಿಂತು ಕೂಗ್ತಿದ್ದ. ಅಂವ ಬೇವಿನ ಗಿಡದ ಬುಡಕ ಕುಂತು ಕಡ್ಲಿ ತಿಂತಿದ್ದ, ಓ ಅಂತಿದ್ದಿಲ್ಲ. ಮೂರು ದಿನ ಕಾಡಿಸ್ಯಾನ."

"ಆಮೇಲೆ?"

"ನಮ್ಮಪ್ಪ ಹೋಗಿ ಅವನ ಮುಂದ ರುಮಾಲ ತಗದು ನಿಂತ. ಆಗ ಓ ಅಂದ."

ಹೇಳುತ್ತ ಅವಳ ಕಣ್ಣು ಸಣ್ಣದಾಗಿತ್ತು. ಅಪ್ಪನ ಅವಮಾನಕ್ಕೆ ಬೇಜಾರಾಗಿದೆ ಎಂದುಕೊಂಡೆ. ಈಗ ಯೋಚಿಸಿದರೆ, ಅವಳು ಮನಸ್ಸಿನಲ್ಲಿ ಬೇವಿನ ಮರದ ಕೆಳಗೆ ಕೂತು ಕಡಲೆ ತಿನ್ನುತ್ತಿದ್ದಳು ಎನ್ನಿಸುತ್ತದೆ.

ಹುಲ್ಲು ಪೂರ್ತಿ ಒಣಗುವ ಮೊದಲು ಶೆಡ್ಡುಗಳ ಮುಂದೆ ಒಂದು ಅಗಲವಾದ ಪಟ್ಟಿ ಬೋಳು ಮಾಡಬೇಕು, ಬೆಂಕಿಗೆ ತಿನ್ನಲು ಏನೂ ಇರಬಾರದು ಎಂದು ಹೇಳಿದ್ದು ನಾನು. ಕಾಡಿನಲ್ಲಿ ಹಾಗೆ ಮಾಡುವುದನ್ನು ಮೊಬೈಲಿನಲ್ಲಿ ನೋಡಿದ್ದೆ. ದೊಡ್ಡ ಸಂಶೋಧನೆ ಎನ್ನುವ ಹಾಗೆ ಎಲ್ಲರನ್ನೂ ಸೇರಿಸಿ ಹೇಳಿದೆ. ಆಯಿ ಪೂರ್ತಿ ಕೇಳಿ, "ಇಷ್ಟು ಹೇಳ್ಲಾಕ ಮೊಬೈಲ್ ಬೇಕಾಯ್ತಾ?" ಎಂದಳು. ಆಮೇಲೆ ಎರಡೂ ಕೈ ಚಾಚಿ ನಿಂತು, ಅಗಲ ಎಂಟು ಮಾರು ಎಂದು ಅಳೆದು ಕಲ್ಲಿಟ್ಟಳು.

ನಾಲ್ಕು ಭಾನುವಾರ ಕೆಲಸ ನಡೆಯಿತು. ಸುಟ್ಟ ಮೂರನ್ನೂ ಮತ್ತೆ ಕಟ್ಟಿ ಶೆಡ್ಡು ಒಂಬತ್ತೇ ಆಗಿದ್ದವು. ಅಷ್ಟೂ ಶೆಡ್ಡಿನವರು, ನಮ್ಮ ಓಣಿಯವರು, ಎಲ್ಲರೂ ಬಂದರು. ಹೂಕುಂಡಕ್ಕೆ ಜಗಳವಾಡಿದ್ದ ಮನೆಯವರೂ ಬಂದು, ಮಾತಿಲ್ಲದೆ ಕುಡುಗೋಲು ಹಿಡಿದರು. ಇಮ್ರಾನ್ ಭಾಯ್ ಬೇಸಿಗೆ ಮುಗಿಯುವವರೆಗೆ ದಿನಾ ಬೆಳಿಗ್ಗೆ ಅರ್ಧ ಟ್ಯಾಂಕರ್ ನೀರು ಓಣಿಯಲ್ಲೇ ನಿಲ್ಲಿಸುತ್ತೇನೆ ಎಂದರು. ಅಮ್ಮ ಐವತ್ತು ಗೋಣಿಚೀಲ ಹೊಂದಿಸಿದಳು. ಒದ್ದೆ ಮಾಡಿ ಬೆಂಕಿ ಬಡಿಯಲಿಕ್ಕೆ.

ಎರಡನೇ ಭಾನುವಾರ ನಾನು ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಒಂದು ಅನಾಹುತ ನಡೆದಿತ್ತು. ಕೊಯ್ದ ಹುಲ್ಲನ್ನೆಲ್ಲ ಶೆಡ್ಡಿನವರು ತಂದು, ಶೆಡ್ಡುಗಳಿಗೆ ಒತ್ತಿ, ಚೆಂದವಾಗಿ ಮೂರು ಬಣವೆ ಒಟ್ಟಿಬಿಟ್ಟಿದ್ದರು. ಮೇಲೆ ಗೋಪುರದ ಹಾಗೆ ತುದಿ, ಮಳೆ ಬಂದರೆ ನೀರು ಇಳಿಯಲು ಬಾಚಿದ ಇಳಿಜಾರು. ಬೆಂಗಳೂರಿನಲ್ಲಿ ಒಂದೂ ದನವಿಲ್ಲದ ಜನ. ಆದರೆ ಕೊಯ್ದ ಹುಲ್ಲನ್ನು ಬಿಸಾಕಲು ಆ ಕೈಗಳಿಗೆ ಬರುವುದೇ ಇಲ್ಲ.

ನಾನು ತಲೆ ಮೇಲೆ ಕೈ ಹೊತ್ತುಕೊಂಡೆ. "ಬೆಂಕಿ ಬರಬಾರ್ದು ಅಂತ ಅಲ್ಲಿ ಕೊಯ್ದು, ತಂದು ಮನೆ ಬಾಗಿಲಲ್ಲಿ ಒಟ್ಟಿದ್ದೀರಲ್ಲ ಆಯಿ. ಒಂದು ಕಿಡಿ ಹಾರಿದ್ರೆ ಸಾಕು."

ಭೀಮಾಶಂಕರ ತಾನು ಒಟ್ಟಿದ ಬಣವೆಯನ್ನೂ ನನ್ನನ್ನೂ ನೋಡಿ ತಲೆ ಕೆರೆದುಕೊಂಡ. ಹೆಂಗಸರು ನಗಲು ಶುರು ಮಾಡಿದರು. ಆಯಿ ನಗಲಿಲ್ಲ. ಬಣವೆಯ ಸುತ್ತ ಒಂದು ಸುತ್ತು ಬಂದಳು. ಒಂದು ಹುಲ್ಲು ಎಳೆದು ಮುರಿದಳು. ಟಕ್ಕೆಂದಿತು.

"ತಮ್ಮಾ, ಇದು ಯಾರ ಹುಲ್ಲು?"

"ಅವನ್ದೇ. ಅವನೇ ಹೇಳಿದ್ನಲ್ಲ."

"ಮತ್ತ ನಮ್ಮ ಬಾಗಲಾಗ ಯಾಕ? ಅವನ್ದು ಅವನಿಗಿ ಕೊಟ್ಟು ಬರೋಣ."

ಬಯಲನ್ನು ಒಂದು ಚಾಪೆ ಎಂದುಕೊಳ್ಳಿ. ಪೂರ್ವದ ಅಂಚಿನಲ್ಲಿ ರಸ್ತೆ. ಪಶ್ಚಿಮದ ಅಂಚಿನಲ್ಲಿ, ದಕ್ಷಿಣದ ಮೂಲೆಗೆ ನಾವು. ಅದೇ ಅಂಚಿನ ಉತ್ತರದ ಮೂಲೆಯಲ್ಲಿ ಬಿಳಿ ಬೂಟು, ಶೆಡ್ಡು ಸುಟ್ಟ ವರ್ಷದ ಮಳೆಗಾಲ ಮುಗಿದ ಮೇಲೆ, ಒಂದು ತಗಡಿನ ಗೋಡೌನು ಹಾಕಿಸಿದ್ದ. ಒಳಗೆ ಅವನ ಸ್ವಂತ ವ್ಯವಹಾರದ ಸೆಂಟ್ರಿಂಗ್ ಹಲಗೆ, ಸರ್ವೆ ಮರದ ಕಂಬ, ಮೂಲೆಯಲ್ಲೊಂದು ಆಫೀಸು, ಆಫೀಸಿಗೆ ಎಸಿ. ವಾಚ್‌ಮನ್ ಯಾಕೆ ದಂಡ ಎಂದು ಬಾಗಿಲ ಹೊರಗೆ ಒಂದು ಕಂದು ನಾಯಿಯನ್ನು ನೈಲಾನ್ ಹಗ್ಗದಲ್ಲಿ ಕಟ್ಟಿದ್ದ. ಅದಕ್ಕೆ ಊಟ ಹಾಕುವುದು ಅವನಿಗೆ ನೆನಪಿರುತ್ತಿರಲಿಲ್ಲ. ಆಯಿಯೇ ಸಂಜೆ ಹೋಗಿ ರೊಟ್ಟಿ ಹಾಕಿ ಬರುತ್ತಿದ್ದಳು.

ಅವತ್ತು ಸಂಜೆಯೊಳಗೆ ಮೂರೂ ಬಣವೆ ತಲೆಹೊರೆಯಾಗಿ ಆ ಗೋಡೌನಿನ ಬೆನ್ನಿಗೆ ಹೋದವು. ಮುಂದಿನ ಎರಡು ಭಾನುವಾರದ ಹುಲ್ಲೂ ಅಲ್ಲಿಗೇ. ಒಟ್ಟು ಏಳು ಬಣವೆ, ಸಾಲಾಗಿ. ನೋಡಿದರೆ ದೃಷ್ಟಿ ತಾಗಬೇಕು, ಹಾಗಿದ್ದವು.

ಬಿಳಿ ಬೂಟು ಒಂದು ದಿನ ಬಂದು ನೋಡಿದ. ಅವನು ನಕ್ಕ.

"ಪರ್ವಾಗಿಲ್ವೆ ಅಜ್ಜಿ, ಈಗ ಬುದ್ಧಿ ಬಂತು. ಬಿಟ್ಟಿ ಕ್ಲೀನ್ ಮಾಡ್ಕೊಟ್ರಲ್ಲ."

"ನಿಮ್ಮ ಹುಲ್ಲು ನಿಮಗಾ ಒಪ್ಪಿಸೀವ್ರಿ ಸಾಹೇಬ್ರ," ಎಂದಳು ಆಯಿ.

ಅವನು ಬಣವೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡ. ಮಾಲೀಕರಿಗೆ ಕಳಿಸಿರಬೇಕು.

ಹತ್ತು ದಿನ ಕಳೆದು, ಒಂದು ಬೆಳಿಗ್ಗೆ ಹತ್ತು ಗಂಟೆಗೆ ಅವನು ಬಂದ. ರಸ್ತೆಯ ಕಡೆ ನಿಂತ. ಹೇಳಲಿಲ್ಲ, ಕೂಗಲಿಲ್ಲ. ಅವತ್ತೂ ನಾನು ಟೆರೇಸಿನಲ್ಲಿದ್ದೆ. ಈ ಸಲ ಫೋನಿನ ಕ್ಯಾಮೆರಾ ಆನ್ ಮಾಡಿಕೊಂಡು. ಅವನು ಬಗ್ಗಿದ್ದು, ಕಡ್ಡಿ ಗೀರಿದ್ದು, ಕೈ ಝಾಡಿಸಿದ್ದು, ಬೂಟಿಗೆ ಅಂಟಿದ ಹುಲ್ಲು ಒರೆಸಿಕೊಂಡು ಕಾರು ಹತ್ತಿದ್ದು, ಎಲ್ಲ ಬಂದಿದೆ.

ಭಾನುವಾರವಾಗಿದ್ದರಿಂದ ಎಲ್ಲರೂ ಮನೆಯಲ್ಲಿದ್ದರು. ಆಯಿ ತಗಡು ಬಡಿದಳು. ಎರಡು ನಿಮಿಷದಲ್ಲಿ ನಲವತ್ತು ಜನ ಒದ್ದೆ ಗೋಣಿ ಹಿಡಿದು ಪಟ್ಟಿಯ ಉದ್ದಕ್ಕೆ ನಿಂತಿದ್ದರು. ಗಾಳಿ ಈಶಾನ್ಯದಿಂದ ಬೀಸುತ್ತಿತ್ತು, ಬೆಂಕಿ ಸೀದಾ ನಮ್ಮ ಮೇಲೆ ಬಂತು. ಅದರ ಸದ್ದು ಗೂಡ್ಸ್ ರೈಲಿನ ಹಾಗಿತ್ತು. ನಾನು ಓದಿದ್ದೆಲ್ಲ ಮರೆತುಹೋಯಿತು. ಆಯಿ ಸೆರಗನ್ನು ತಲೆಗೆ ಸುತ್ತಿಕೊಂಡು ಸಾಲಿನ ಹಿಂದೆ ಓಡಾಡುತ್ತ ಕೂಗುತ್ತಿದ್ದಳು. "ಮುಂದ ಹೋಗಬ್ಯಾಡ್ರಿ, ಅದು ಬರ್ಲಿ. ಕಿಡಿ ಬಿದ್ದಲ್ಲಿ ಬಡೀರಿ. ಏ ನಾಗಮ್ಮ, ಮ್ಯಾಲ ನೋಡಬ್ಯಾಡ, ಕಾಲಾಗ ನೋಡು."

ಬೆಂಕಿ ಬೋಳು ಪಟ್ಟಿಯ ಅಂಚಿಗೆ ಬಂದು ನಿಂತಿತು. ತಿನ್ನಲು ಏನೂ ಇರಲಿಲ್ಲ. ಹಾರಿಬಂದ ಕಿಡಿಗಳನ್ನು ಬಡಿದು ಬಡಿದು ಆರಿಸಿದೆವು. ಇಮ್ರಾನ್ ಭಾಯ್ ತಗಡುಗಳ ಮೇಲೆ ನೀರು ಹಾರಿಸುತ್ತಲೇ ಇದ್ದರು. ಹನ್ನೆರಡು ದಾಟುವ ಹೊತ್ತಿಗೆ ನಮ್ಮ ಮುಂದೆ ಬರೀ ಬೂದಿ. ಒಂಬತ್ತು ಶೆಡ್ಡೂ ನಿಂತಿದ್ದವು.

ಆಗ ನನ್ನ ಕೆನ್ನೆಗೆ ಗಾಳಿ ಬೇರೆ ಕಡೆಯಿಂದ ತಾಗಿತು. ತಲೆ ಎತ್ತಿ ನೋಡಿದೆ. ಟೆರೇಸಿನಲ್ಲಿ ಸೀರೆಯ ಅಂಚು ಉತ್ತರಕ್ಕೆ ಹಾರುತ್ತಿತ್ತು.

ಸುಟ್ಟ ಜಾಗದ ಉತ್ತರದ ಅಂಚಿನಲ್ಲಿ ಸಣ್ಣಗೆ ಹೊಗೆಯಾಡುತ್ತ ಇದ್ದ ಬೆಂಕಿಯ ಸಾಲು ಒಮ್ಮೆಗೇ ಎದ್ದು ನಿಂತಿತು. ಇಷ್ಟು ಹೊತ್ತು ಬೆಂಕಿಯ ಪಕ್ಕೆಯಾಗಿದ್ದದ್ದು ಈಗ ಮುಖವಾಯಿತು. ಅದರ ಮುಂದೆ ಆಳೆತ್ತರದ ಹುಲ್ಲು, ಹುಲ್ಲಿನ ಕೊನೆಗೆ ಏಳು ಬಣವೆ, ಬಣವೆಗೆ ಒರಗಿಕೊಂಡು ಗೋಡೌನು.

ಇಮ್ರಾನ್ ಭಾಯ್ ಪೈಪು ಹಿಡಿದುಕೊಂಡೇ ಕೇಳಿದರು. "ಆಯಿ, ಇನ್ನೂ ಸ್ವಲ್ಪ ನೀರಿದೆ. ಗಾಡಿ ಆ ಕಡೆ ತಗೊಂಡು ಹೋಗ್ಲಾ?"

ನಲವತ್ತು ಜನರೂ ಆಯಿಯ ಕಡೆ ನೋಡಿದರು. ಅವಳು ತಲೆಗೆ ಸುತ್ತಿದ್ದ ಸೆರಗು ಬಿಚ್ಚಿದಳು. ಮುಖ ಒರೆಸಿಕೊಂಡಳು. ನೆಲದ ಮೇಲೆ ಕೂತು ಕಾಲು ಚಾಚಿದಳು.

"ಮಂದಿ ದಣಿದಾರ," ಎಂದಳು. "ನೀರು ಕುಡೀರಿ ಮೊದ್ಲ."

ಇಮ್ರಾನ್ ಭಾಯ್ ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ಪೈಪನ್ನು ಪಕ್ಕದಲ್ಲಿದ್ದ ನೀರಿನ ಕೊಡದ ಕಡೆ ತಿರುಗಿಸಿದರು. ಒಬ್ಬೊಬ್ಬರಾಗಿ ಕುಡಿದೆವು. ನಾನೂ ಕುಡಿದೆ. ಸುಳ್ಳು ಹೇಳುವುದಿಲ್ಲ, ಅಷ್ಟು ರುಚಿಯಾದ ನೀರನ್ನು ನಾನು ಅದಕ್ಕೆ ಮೊದಲೂ ಕುಡಿದಿಲ್ಲ, ಆಮೇಲೂ ಇಲ್ಲ. ಬಣವೆಗಳು ಒಂದರ ಹಿಂದೆ ಒಂದು ಹತ್ತಿಕೊಂಡವು. ತಗಡಿನೊಳಗಿಂದ ಹಲಗೆಗಳು ಸಿಡಿಯುವ ಸದ್ದು ಬಂತು.

ನನಗೆ ಥಟ್ಟನೆ ನಾಯಿ ನೆನಪಾಯಿತು. ನಾನು ಎದ್ದು ಓಡಬೇಕು ಎನ್ನುವಷ್ಟರಲ್ಲಿ ಅದೇ ಹೊಗೆಯೊಳಗಿಂದ ಓಡಿಬಂತು. ಸೀದಾ ಆಯಿಯ ಹತ್ತಿರ ಬಂದು ಅವಳ ತೊಡೆಗೆ ಮೂತಿ ತೂರಿಸಿ ನಿಂತಿತು. ಕೊರಳಿಗೆ ಹಗ್ಗ ನೇತಾಡುತ್ತಿತ್ತು. ಹಗ್ಗದ ತುದಿ ಸುಟ್ಟಿರಲಿಲ್ಲ, ಹರಿದಿರಲಿಲ್ಲ. ಮಡಚಿದ ಗುರುತು ಮಾತ್ರ ಇತ್ತು. ಆ ಮಡಿಕೆಯಲ್ಲಿ ಮುರಿದ ಪೊರಕೆಕಡ್ಡಿಯ ಒಂದು ಚೂರು ಇನ್ನೂ ಸಿಕ್ಕಿಕೊಂಡಿತ್ತು.

ನಾನು ಆ ಚೂರನ್ನು ನೋಡಿದೆ. ಆಯಿಯನ್ನು ನೋಡಿದೆ. ಒಂದು ತಿಂಗಳು ಸಂಜೆ ಸಂಜೆ ಮೆಟ್ಟಿಲ ಕೆಳಗೆ ನಿಂತು ಕೇಳಿದ ಪ್ರಶ್ನೆಗಳೆಲ್ಲ ಒಮ್ಮೆಗೇ ನೆನಪಾದವು. ಎಷ್ಟು ಹೊತ್ತಿಗಿ ತಿರುಗ್ತು? ನಿನ್ನೆ? ನಾಳಿ ನೋಡಿ ಹೇಳು.

"ಏನ್ ನೋಡ್ತಿ?" ಎಂದಳು ಆಯಿ, ನಾಯಿಯ ಕೊರಳಿನಿಂದ ಹಗ್ಗ ತೆಗೆಯುತ್ತ. "ನಾಯಿ ಏನ್ ತಪ್ಪು ಮಾಡ್ಯದ?"

ನನ್ನನ್ನು ಬಳಸಿಕೊಂಡಳಲ್ಲ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಮರುಗಳಿಗೆಯೇ ಹೆಮ್ಮೆಯಾಯಿತು. ನನ್ನ ನೋಟ್‌ಬುಕ್ಕು ಒಂದು ಕೆಲಸಕ್ಕೆ ಬಂತು.

ಬಿಳಿ ಬೂಟು ಬಂದಾಗ ಗೋಡೌನು ನೆಲಕ್ಕೆ ಕೂತಿತ್ತು. ಬೂದಿಯ ಮೇಲೇ ನಡೆದುಕೊಂಡು ಬಂದ. ಬೂಟು ಕಪ್ಪಗಾಗಿತ್ತು. ಅವನ ದನಿ ಒಡೆದಿತ್ತು.

"ನಲವತ್ತು ಜನ ಇದ್ರಿ, ಟ್ಯಾಂಕರ್ ಇತ್ತು. ಕೂತ್ಕೊಂಡು ನೋಡಿದ್ರಾ? ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ನೀವೂ ಹೇಳಿದ್ದಿಲ್ಲಲ್ರಿ," ಎಂದಳು ಆಯಿ.

"ಹುಲ್ಲು ಒಟ್ಟಿದ್ದು ನೀವು. ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ."

"ಕೊಡಿ ಸಾರ್," ಎಂದರು ಇಮ್ರಾನ್ ಭಾಯ್. "ಕಡ್ಡಿ ಗೀರಿದ್ದು ಯಾರು ಅಂತ ಅವ್ರೂ ಕೇಳ್ತಾರೆ. ಮಗಾ, ಆ ವಿಡಿಯೋ ಸಾರ್‌ಗೆ ತೋರ್ಸು."

ತೋರಿಸಿದೆ. ಎರಡು ಸಲ ತೋರಿಸಿದೆ, ಎರಡನೆಯದು ನನ್ನ ಸಂತೋಷಕ್ಕೆ. ಆಯಿ ಸೊಂಟದಿಂದ ಸೆರಗಿನ ತುದಿ ಬಿಚ್ಚಿ, ಆ ಕಪ್ಪು ಗಂಟನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು.

"ಏನಿದು?"

"ಕಟ್ಟಿದ್ದು ಯಾರು ಅಂತ ಕೇಳಿದ್ರಿ. ನಾನಾ ರೀ. ಅದು ನನ್ನ ಪಾಲಿಂದು. ಇವತ್ತ ಸುಟ್ಟಿದ್ದು ನಿಮ್ಮ ಪಾಲಿಂದು. ಮುಂದಿನ ಸಲ ಹಚ್ಚೋ ಮುಂದ ಇಲ್ಲಿ ಬಂದು ನಿಂತು ಕೂಗ್ರಿ. ನಾವು ಓ ಅಂದ ಮ್ಯಾಲ ಹಚ್ರಿ."

ಮಳೆ ಶುರುವಾದ ಮೇಲೆ ಆಯಿ ಊರಿಗೆ ಹೋದಳು. ಹೋಗುವ ದಿನ ಟ್ರಂಕಿಗೆ ಹಗ್ಗ ಸುತ್ತಿ ಪೊರಕೆಕಡ್ಡಿ ಸಿಕ್ಕಿಸುತ್ತಿದ್ದಳು. ಕಲಬುರಗಿ ಮುಟ್ಟುವವರೆಗೆ ನಿಲ್ಲುವುದಿಲ್ಲ ಎಂದು ಅಮ್ಮ ಹೇಳಿದರೂ ಕೇಳಲಿಲ್ಲ. ನಾಯಿಯನ್ನು ನಮಗೆ ಬಿಟ್ಟಳು. "ಕಟ್ಟಬ್ಯಾಡ್ರಿ" ಎಂದಷ್ಟೇ ಹೇಳಿದಳು. ಕಟ್ಟಿಲ್ಲ.

ಈಗ ಮೊನ್ನೆ ಭಾನುವಾರದ ವಿಷಯ. ಬೆಳಿಗ್ಗೆ ಹತ್ತು ಗಂಟೆ. ಈ ವರ್ಷವೂ ಪಟ್ಟಿ ಬೋಳು ಮಾಡಿದ್ದೇವೆ. ಉತ್ತರದ ಮೂಲೆಯಲ್ಲಿ ಹೊಸ ಗೋಡೌನು ಬಂದಿದೆ, ಅದರ ಸುತ್ತಲೂ ನಮ್ಮ ಹಾಗೆಯೇ ಎಂಟು ಮಾರು ಅಗಲಕ್ಕೆ ನೆಲ ಕೆರೆಸಿದ್ದಾರೆ. ನಾವು ಹತ್ತು ಹದಿನೈದು ಜನ ಶೆಡ್ಡಿನ ನೆರಳಿನಲ್ಲಿ ಕೂತು ಟೀ ಕುಡಿಯುತ್ತಿದ್ದೆವು. ಬಿಸಿಲಿನಲ್ಲಿ ಪಟ್ಟಿ ದಾಟಿ ಒಬ್ಬ ನಡೆದು ಬಂದ. ಕಾಲಿಗೆ ಹವಾಯಿ ಚಪ್ಪಲಿ. ಹತ್ತಿರ ಬಂದ ಮೇಲೆಯೇ ಬಿಳಿ ಬೂಟು ಎಂದು ಗುರುತು ಸಿಕ್ಕಿದ್ದು.

ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತ. ಗಂಟಲು ಸರಿ ಮಾಡಿಕೊಂಡ. "ಹುಲ್ಲು ಸುಡ್ತಾ ಇದ್ದೀವಿ, ನೋಡ್ಕೊಳ್ಳಿ" ಎಂದು ಕೂಗಿದ.

ಇಮ್ರಾನ್ ಭಾಯ್ ನನ್ನ ಕಡೆ ನೋಡಿದರು. ನಾನು ನಾಗಮ್ಮನ ಕಡೆ ನೋಡಿದೆ. ಅತ್ತೆಯ ಕಾರ್ಯ ಮುಗಿಸಿ ಅವಳು ಅದೇ ವಾರ ವಾಪಸ್ ಬಂದಿದ್ದಳು. ಅವಳು ಮಡಿಲಿನಿಂದ ಒಂದು ಹಿಡಿ ಹುರಿದ ಕಡಲೆ ತೆಗೆದು, ನನ್ನ ಕೈಗೆ ಅರ್ಧ ಹಾಕಿ, ಉಳಿದದ್ದನ್ನು ಬಾಯಿಗೆ ಹಾಕಿಕೊಂಡು ಮೆಲ್ಲಗೆ ಜಗಿಯತೊಡಗಿದಳು.

ಅವನು ಮತ್ತೆ ಕೂಗಿದ. ನಾಯಿ ಒಂದು ಕಿವಿ ಎತ್ತಿ, ಇಳಿಸಿ, ನನ್ನ ಕಾಲ ಮೇಲೆ ತಲೆ ಇಟ್ಟುಕೊಂಡಿತು.

ಮೂರನೇ ಸಲ ಕೂಗಿ, ಹಣೆಯ ಬೆವರು ಒರೆಸಿಕೊಂಡು, ಕೈಯಲ್ಲಿ ಕಡ್ಡಿಪೆಟ್ಟಿಗೆ ಹಿಡಿದು ಅಲ್ಲೇ ನಿಂತ. ನಾವು ಕಡಲೆ ತಿನ್ನುತ್ತ ಕೂತೆವು. ಯಾರೂ ಓ ಎನ್ನಲಿಲ್ಲ.